ವೆಂಟಿಲೇಟರ್ ಹಾಕಿದ ರೋಗಿಯ ಬಾಯಿ ಸ್ವಚ್ಛತೆ: ನ್ಯುಮೋನಿಯಾ ತಡೆಯಲು ಹಂತ ಹಂತದ ಮಾರ್ಗದರ್ಶಿ

ಐಸಿಯುಗೆ ಹೊಸದಾಗಿ ಬಂದ ಸ್ಟಾಫ್ ನರ್ಸ್‌ಗಳು, ಸಾಗರ, ತೀರ್ಥಹಳ್ಳಿ, ಹೊಸನಗರದಂತಹ ಊರುಗಳಲ್ಲಿ ಒಂದೋ ಎರಡೋ ವೆಂಟಿಲೇಟರ್ ನೋಡಿಕೊಳ್ಳುವ ಸಿಬ್ಬಂದಿ, ಕುತ್ತಿಗೆಗೆ ಟ್ಯೂಬ್ ಹಾಕಿಸಿಕೊಂಡ ರೋಗಿಯನ್ನು ಮನೆಗೆ ಕರೆತಂದಿರುವ ಕುಟುಂಬದವರು, ಈ ಮೂರೂ ಗುಂಪಿನವರಿಂದ ಬಾಯಿ ಸ್ವಚ್ಛತೆಯ ವಿಷಯದಲ್ಲಿ ಒಂದೇ ಬಗೆಯ ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಫೋರ್ಸೆಪ್ಸ್‌ಗೆ ಗಾಜ್ ಸುತ್ತಿ, ಮೌತ್‌ವಾಶ್‌ನಲ್ಲಿ ಅದ್ದಿ, ನಾಲಿಗೆಯ ಮೇಲೆ ಎರಡು ಸಲ ಎಳೆದು, ಚಾರ್ಟ್‌ನಲ್ಲಿ ಟಿಕ್ ಹಾಕಿದರೆ ಕೆಲಸ ಮುಗಿಯಿತು ಎನ್ನುವುದು ಮೊದಲನೆಯ ತಪ್ಪು. ಮಂಚವನ್ನು ಮಟ್ಟಸ ಮಾಡಿ, ಬಾಯಿಗೆ ನೀರು ಬಿಟ್ಟು, ಆಮೇಲೆ ಸಕ್ಷನ್ (ಜೊಲ್ಲು, ನೀರು ಹೀರುವ ಯಂತ್ರ) ಹುಡುಕುವುದು ಎರಡನೆಯದು. ಮೊದಲನೆಯದರಿಂದ ಪ್ರಯೋಜನವಾಗುವುದಿಲ್ಲ, ಎರಡನೆಯದರಿಂದ ನೇರವಾಗಿ ಹಾನಿಯಾಗುತ್ತದೆ. ಆದ್ದರಿಂದ ಇಲ್ಲಿ ಯಾವ ದ್ರಾವಣ ಒಳ್ಳೆಯದು ಎಂಬುದಕ್ಕಿಂತ ಯಾವ ಕೆಲಸ ಮೊದಲು, ಯಾವುದು ನಂತರ ಎಂಬುದಕ್ಕೇ ಹೆಚ್ಚು ಒತ್ತು ಕೊಡಲಾಗಿದೆ.

## ಬಾಯಿಯಿಂದ ಶ್ವಾಸಕೋಶಕ್ಕೆ ಸೋಂಕು ಇಳಿಯುವ ದಾರಿ

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಉತ್ಪತ್ತಿಯಾಗುತ್ತದೆ, ಅದನ್ನು ನಾವು ಅರಿವಿಲ್ಲದೆಯೇ ನುಂಗುತ್ತಿರುತ್ತೇವೆ. ನಿದ್ರಾಜನಕ ಕೊಟ್ಟು ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿದ ಮೇಲೆ ನುಂಗುವುದೂ ನಿಲ್ಲುತ್ತದೆ, ಕೆಮ್ಮುವ ಶಕ್ತಿಯೂ ಕುಗ್ಗುತ್ತದೆ. ಬಾಯಿ ಸದಾ ತೆರೆದೇ ಇರುವುದರಿಂದ ಒಣಗುತ್ತದೆ, ಹಲ್ಲಿನ ಬುಡದಲ್ಲಿ ಪಾಚಿ ಕಟ್ಟುತ್ತದೆ. ಐಸಿಯು ಸೇರಿದ ಎರಡು ದಿನಗಳೊಳಗೆ ಆ ಪಾಚಿಯಲ್ಲಿ ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್, ಅಸಿನೆಟೊಬ್ಯಾಕ್ಟರ್‌ನಂತಹ, ಆಂಟಿಬಯೋಟಿಕ್‌ಗಳಿಗೆ ಸುಲಭವಾಗಿ ಬಗ್ಗದ ಆಸ್ಪತ್ರೆಯ ರೋಗಾಣುಗಳು ನೆಲೆಸತೊಡಗುತ್ತವೆ.

ಟ್ಯೂಬಿನ ಕೆಳತುದಿಯ ಹತ್ತಿರ ಗಾಳಿ ತುಂಬಿದ ಒಂದು ಸಣ್ಣ ಬಲೂನು ಇರುತ್ತದೆ. ಐಸಿಯುನಲ್ಲಿ ಕಫ್ ಎಂದು ಕರೆಯುವ ಇದನ್ನು, ಎದೆಯ ಕಫದೊಂದಿಗೆ ಗೊಂದಲವಾಗದಿರಲೆಂದು, ಇಲ್ಲಿ ಬಲೂನು ಎಂದೇ ಹೇಳುತ್ತೇನೆ. ಬಾಯಿಂದ ಇಳಿದ ಜೊಲ್ಲು ಈ ಬಲೂನಿನ ಮೇಲೆ ಬಂದು ನಿಲ್ಲುತ್ತದೆ, ಬಲೂನಿನ ಮೈಯಲ್ಲಿ ಬೀಳುವ ಸಣ್ಣ ಮಡಿಕೆಗಳ ಮೂಲಕ ಹನಿ ಹನಿಯಾಗಿ ಕೆಳಗೆ ಜಾರುತ್ತದೆ. ಟ್ಯೂಬ್ ಹಾಕಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುವ ನ್ಯುಮೋನಿಯಾವನ್ನು ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ ಎಂದು ಗುರುತಿಸುತ್ತಾರೆ, ಅದಕ್ಕೆ ಮುಖ್ಯ ಕಾರಣ ಈ ಹನಿಗಳು. ಹಾಗಾಗಿ ನಮ್ಮ ಕೆಲಸ ಎರಡು ಭಾಗವಾಗುತ್ತದೆ: ಮೇಲೆ ರೋಗಾಣು ಬೆಳೆಯಲು ಬಿಡಬಾರದು, ಬೆಳೆದದ್ದು ಕೆಳಗೆ ಇಳಿಯಲು ಬಿಡಬಾರದು.

## ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದ ಸಾಮಗ್ರಿ

ಅರ್ಧ ಕೆಲಸದಲ್ಲಿ ಸಾಮಾನು ತರಲು ಎದ್ದು ಹೋಗುವಂತಿಲ್ಲ. ಟ್ರೇಯಲ್ಲಿ ಇವೆಲ್ಲ ಇರಲಿ: ಚಿಕ್ಕ ತಲೆಯ, ಮೆತ್ತನೆ ಎಳೆಗಳ ಬ್ರಷ್ (ಮಕ್ಕಳ ಬ್ರಷ್ ಸಾಕು), ಸ್ಟೆರೈಲ್ ನೀರು, 10 ಎಂಎಲ್ ಸಿರಿಂಜ್, ಗಾಜ್, ಟಾರ್ಚ್, ಬಾಯಿಯ ಸಕ್ಷನ್‌ಗೆ ಯಾಂಕಾವರ್ ಎಂಬ ಗಟ್ಟಿ ತುದಿ, ತೆಳುವಾದ ಸಕ್ಷನ್ ಕ್ಯಾತೆಟರ್ (ಮೆತ್ತನೆ ನಳಿಕೆ), ಬಲೂನಿನ ಒತ್ತಡ ಅಳೆಯುವ ಮೀಟರ್, ಟ್ಯೂಬ್ ಕಟ್ಟಲು ಹೊಸ ಟೇಪು, ತುಟಿಗೆ ಹಚ್ಚುವ ನೀರಿನಂಶದ ಜೆಲ್, ಗ್ಲೌಸ್, ಮಾಸ್ಕ್, ಕಣ್ಣಿಗೆ ರಕ್ಷಣೆ. ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಮಂಚದ ತಲೆದೆಸೆಯಲ್ಲಿ ಆಕ್ಸಿಜನ್‌ಗೆ ಜೋಡಿಸಿದ ಸ್ಥಿತಿಯಲ್ಲೇ ಇರಬೇಕು. ಸಕ್ಷನ್ ಜೋಡಿಸಿದ ಬ್ರಷ್‌ಗಳು ಸಿಗುತ್ತವೆ, ಅನುಕೂಲವೂ ಹೌದು. ಇಲ್ಲವೆಂದು ಕೆಲಸ ಬಿಡುವ ಅಗತ್ಯವಿಲ್ಲ.

ನೀರಿನ ಬಗ್ಗೆ ವಿಶೇಷ ಎಚ್ಚರ ಬೇಕು. ನಮ್ಮ ಕಡೆ ಬಾವಿ ನೀರು, ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ, ವಾರ್ಡಿನ ನಲ್ಲಿಯ ನೀರು ಎಷ್ಟೇ ಸ್ವಚ್ಛವಾಗಿ ಕಂಡರೂ, ವೆಂಟಿಲೇಟರ್ ರೋಗಿಯ ಬಾಯಿಗೆ ಅದು ಸಲ್ಲದು. ನಲ್ಲಿಯ ಬಾಯಿ ಮತ್ತು ಸಿಂಕ್‌ನ ಕಿಂಡಿ ಸ್ಯೂಡೋಮೊನಾಸ್ ನೆಲೆಸುವ ಜಾಗಗಳು. ಸ್ಟೆರೈಲ್ ನೀರಿನ ಬಾಟಲಿ ತೆರೆದ ದಿನಾಂಕ, ಸಮಯವನ್ನು ಅದರ ಮೇಲೆ ಬರೆದು 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಬೇಕು.

ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ವೆಂಟಿಲೇಟರ್‌ಗೆ ಬ್ಯಾಟರಿ ಇದ್ದರೂ ಸಕ್ಷನ್ ಯಂತ್ರಕ್ಕೆ ಇಲ್ಲದಿರುವುದು ಸಣ್ಣ ಆಸ್ಪತ್ರೆಗಳಲ್ಲಿ ಸಾಮಾನ್ಯ. ಯುಪಿಎಸ್ ಸಾಲಿಗೆ ಸೇರಿದ ಪ್ಲಗ್ ಯಾವುದು ಎಂದು ಮೊದಲೇ ಗುರುತು ಹಾಕಿಕೊಳ್ಳಬೇಕು. ಕಾಲಿನಿಂದ ತುಳಿಯುವ ಸಕ್ಷನ್ ಒಂದನ್ನು ಹತ್ತಿರ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಸಕ್ಷನ್ ಕೆಲಸ ಮಾಡುತ್ತಿದೆಯೆಂದು ಕಣ್ಣಾರೆ ನೋಡದೆ ಬಾಯಿಗೆ ಒಂದು ಹನಿ ನೀರನ್ನೂ ಬಿಡಬಾರದು.

## ಹಂತ 1: ಸಮಯ, ಜೊತೆಗಾರರು, ಕೈ ಶುದ್ಧಿ

ಹಲ್ಲುಜ್ಜುವುದು ದಿನಕ್ಕೆ ಎರಡು ಬಾರಿ, ಸುಮಾರು 12 ಗಂಟೆಗಳ ಅಂತರದಲ್ಲಿ ನಡೆಯಬೇಕು. ಮೂರು ಬಾರಿ ಉಜ್ಜಿದರೆ ಹೆಚ್ಚಿನ ಲಾಭ ಕಂಡುಬಂದಿಲ್ಲ; ದಿನವೂ ತಪ್ಪದೆ ಎರಡು ಬಾರಿ ಆಗುವುದು ಮುಖ್ಯ. ನಡುವೆ ಎರಡರಿಂದ ನಾಲ್ಕು ಗಂಟೆಗೊಮ್ಮೆ ಬಾಯಿಯ ಜೊಲ್ಲು ತೆಗೆದು ತೇವ ಕೊಡುವುದು ಬೇರೆಯೇ ಕೆಲಸ, ಅದನ್ನು ಹಲ್ಲುಜ್ಜಿದ ಲೆಕ್ಕಕ್ಕೆ ಸೇರಿಸಬಾರದು.

ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಆಹಾರ ಕೊಟ್ಟ ಬೆನ್ನಿಗೇ ಬ್ರಷ್ ಹಿಡಿಯಬಾರದು. ಓಕರಿಕೆ ಬಂದು ಹೊಟ್ಟೆಯಲ್ಲಿರುವುದು ಮೇಲಕ್ಕೆ ಬರುತ್ತದೆ. ಆಹಾರಕ್ಕೆ ಮೊದಲೇ ಮಾಡುವುದು ಸುರಕ್ಷಿತ.

ಇಬ್ಬರು ಬೇಕು. ಒಬ್ಬರು ಟ್ಯೂಬ್ ಮತ್ತು ಸಕ್ಷನ್ ಹಿಡಿಯುತ್ತಾರೆ, ಇನ್ನೊಬ್ಬರು ಉಜ್ಜುತ್ತಾರೆ. ಇಬ್ಬರೂ ಹ್ಯಾಂಡ್ ರಬ್ ಹಾಕಿ ಕೈ ಉಜ್ಜಿಕೊಂಡು ಒಣಗಿದ ಮೇಲೆಯೇ ಗ್ಲೌಸ್ ತೊಡಬೇಕು. ಹಿಂದಿನ ರೋಗಿಗೆ ಹಾಕಿದ ಗ್ಲೌಸ್‌ಗೇ ಹ್ಯಾಂಡ್ ರಬ್ ಸವರಿಕೊಂಡು ಬರುವುದು ಕೈ ಶುದ್ಧಿಯಲ್ಲ.

ಕೆಲಸ ಆರಂಭಿಸುವ ಮೊದಲು ರೋಗಿಯ ಹೆಸರು ಹಿಡಿದು, ಏನು ಮಾಡುತ್ತಿದ್ದೇವೆಂದು ಹೇಳಬೇಕು. ನಾಗರಹಾವು ಅಥವಾ ಕಟ್ಟುಹಾವು ಕಚ್ಚಿ ವೆಂಟಿಲೇಟರ್‌ಗೆ ಬಂದವರಲ್ಲಿ ಸ್ನಾಯುಗಳೆಲ್ಲ ಸೋತು ರೆಪ್ಪೆ ಎತ್ತಲೂ ಆಗದಿದ್ದರೂ, ಪ್ರಜ್ಞೆ ಪೂರ್ತಿ ಇರಬಹುದು. ಅಂಥವರ ಬಾಯಿಗೆ ಹೇಳದೆ ಕೇಳದೆ ಬ್ರಷ್ ತುರುಕುವುದು ಎಷ್ಟು ಭಯಾನಕ ಅನುಭವವೆಂದು ಊಹಿಸಿಕೊಳ್ಳಿ. ‘ರಾಮಣ್ಣ, ಈಗ ಹಲ್ಲುಜ್ಜುತ್ತೇವೆ, ಸ್ವಲ್ಪ ನೀರು ತಾಗುತ್ತದೆ, ಹೆದರಬೇಡಿ’ ಎಂಬ ಒಂದು ಮಾತು ಸಾಕು.

## ಹಂತ 2: ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸುವುದು

ಬೆನ್ನುಮೂಳೆಯ ಪೆಟ್ಟು, ತೀರಾ ಇಳಿದ ರಕ್ತದೊತ್ತಡದಂತಹ ಕಾರಣಗಳಿಗೆ ವೈದ್ಯರು ಬೇಡವೆಂದಿದ್ದರೆ ಹೊರತು, ರೋಗಿಯ ಮೇಲ್ಭಾಗ ಇಡೀ ದಿನ 30ರಿಂದ 45 ಡಿಗ್ರಿ ಕೋನದಲ್ಲಿ ಇರಬೇಕು. ಕಣ್ಣಳತೆಯನ್ನು ನಂಬಬೇಡಿ, 20 ಡಿಗ್ರಿ ಇರುವುದನ್ನು 30 ಎಂದು ಬರೆಯುವುದು ತೀರಾ ಸಾಮಾನ್ಯ.

ಹಳೆಯ ಮಂಚಗಳಲ್ಲಿ ಕೋನ ತೋರಿಸುವ ಗುರುತು ಇರುವುದಿಲ್ಲ. ಅಲ್ಲಿ ಟೇಪು ಹಿಡಿದು ಅಳೆಯಬಹುದು. ಬೆನ್ನಿಗೆ ಆಸರೆಯಾಗಿ ಮೇಲೇಳುವ ಹಲಗೆಯ ಉದ್ದ 80 ಸೆಂ.ಮೀ. ಇದ್ದರೆ, ಅದರ ಮೇಲ್ತುದಿ ಮಂಚದ ಮಟ್ಟದಿಂದ 40 ಸೆಂ.ಮೀ. ಮೇಲೆ ಬಂದಾಗ ಕೋನ ಸರಿಯಾಗಿ 30 ಡಿಗ್ರಿ ಆಗಿರುತ್ತದೆ. ಹಲಗೆಯ ಉದ್ದ ಎಷ್ಟೇ ಇರಲಿ, ಅದರ ಅರ್ಧದಷ್ಟು ಎತ್ತರ ಎಂದರೆ 30 ಡಿಗ್ರಿ. ಅದೇ 80 ಸೆಂ.ಮೀ. ಹಲಗೆಗೆ 45 ಡಿಗ್ರಿ ಬೇಕಾದರೆ ಎತ್ತರ ಸುಮಾರು 57 ಸೆಂ.ಮೀ. ಒಮ್ಮೆ ಅಳೆದು, ಮಂಚದ ಪಕ್ಕದ ಗೋಡೆಗೋ ಕಂಬಿಗೋ ಬಣ್ಣದ ಟೇಪು ಅಂಟಿಸಿಟ್ಟರೆ ಮುಂದೆ ಪ್ರತಿ ಪಾಳಿಯವರಿಗೂ ಅನುಕೂಲವಾಗುತ್ತದೆ.

ಎರಡು ಮೋಸಗಳನ್ನು ಗಮನಿಸಬೇಕು. ತಲೆಯಡಿಗೆ ಎರಡು ದಿಂಬು ಇಟ್ಟರೆ ಕತ್ತು ಮಡಚುತ್ತದೆಯೇ ಹೊರತು ಎದೆ ಮೇಲೇಳುವುದಿಲ್ಲ. ಇನ್ನು, ಮಂಚ 30 ಡಿಗ್ರಿಯಲ್ಲೇ ಇದ್ದರೂ ರೋಗಿ ಕೆಳಕ್ಕೆ ಜಾರಿ ಸೊಂಟದ ಬದಲು ಎದೆಯ ಹತ್ತಿರ ಮಡಚಿಕೊಂಡಿದ್ದರೆ ಆ ಕೋನದಿಂದ ಉಪಯೋಗವಿಲ್ಲ. ರೋಗಿಯ ಸೊಂಟ ಮಂಚ ಮಡಚುವ ಜಾಗಕ್ಕೇ ಬರುವಂತೆ ಮೇಲಕ್ಕೆ ಎಳೆದು ಸರಿಪಡಿಸಬೇಕು. ಆದರೆ ಹೀಗೆ ಎಳೆಯುವ ಮೊದಲು, ಹಾಗೆಯೇ ಮಗ್ಗುಲು ಬದಲಿಸುವ ಮೊದಲು ಮತ್ತು ಮಂಚ ತಗ್ಗಿಸುವ ಮೊದಲು, ಬಾಯಿಯ ಜೊಲ್ಲನ್ನು ಹೀರಿ ತೆಗೆದಿರಬೇಕು.

## ಹಂತ 3: ಟ್ಯೂಬಿನ ಗುರುತು ಮತ್ತು ಬಲೂನಿನ ಒತ್ತಡ

ಟ್ಯೂಬಿನ ಮೇಲಿನ ಸೆಂಟಿಮೀಟರ್ ಅಂಕಿಗಳಲ್ಲಿ ಯಾವುದು ಹಲ್ಲಿನ ಅಥವಾ ತುಟಿಯ ಸಾಲಿಗೆ ಬಂದಿದೆ ಎಂದು ನೋಡಿ, ಚಾರ್ಟ್‌ನಲ್ಲಿರುವುದಕ್ಕೆ ಹೋಲಿಸಬೇಕು. ವಯಸ್ಕರಲ್ಲಿ ಸಾಮಾನ್ಯವಾಗಿ ಹೆಂಗಸರಿಗೆ 21ರ ಆಸುಪಾಸು, ಗಂಡಸರಿಗೆ 23ರ ಆಸುಪಾಸು ಇರುತ್ತದೆ. ಅಂಕಿ ಬದಲಾಗಿದ್ದರೆ ಬ್ರಷ್ ಕೆಳಗಿಟ್ಟು ವೈದ್ಯರಿಗೆ ಹೇಳಬೇಕು.

ಬಲೂನಿನ ಒತ್ತಡ, ಮೀಟರ್ ತೋರಿಸುವ ‘ಸೆಂ.ಮೀ. ನೀರು’ ಎಂಬ ಅಳತೆಯಲ್ಲಿ, 20ರಿಂದ 30ರ ನಡುವೆ ಇರಬೇಕು. 20ಕ್ಕಿಂತ ಇಳಿದರೆ ಜೊಲ್ಲು ಸೋರುತ್ತದೆ. 30 ಮೀರಿದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಸರಿಯಾಗಿ ಹರಿಯದೆ ಹುಣ್ಣಾಗುತ್ತದೆ. ಒಳಗಿನ ಬಲೂನಿಗೆ ಸೇರಿದ, ಹೊರಗೆ ಕಾಣುವ ಪುಟ್ಟ ಪೈಲಟ್ ಬಲೂನನ್ನು ಬೆರಳಿನಿಂದ ಹಿಸುಕಿ ‘ಸರಿ ಇದೆ’ ಎನ್ನುವ ಅಭ್ಯಾಸವನ್ನು ಬಿಡಲೇಬೇಕು, ಏಕೆಂದರೆ ಅನುಭವಿಗಳ ಬೆರಳೂ ಇದರಲ್ಲಿ ತಪ್ಪುತ್ತದೆ. ಮೀಟರ್ ಕಳಚುವಾಗಲೂ ಸ್ವಲ್ಪ ಗಾಳಿ ಹೋಗುವುದರಿಂದ 25ರ ಮೇಲ್ಪಟ್ಟು, 30ರೊಳಗೆ ಇಟ್ಟು ಕಳಚುವುದು ವಾಸಿ. ಪ್ರತಿ ಪಾಳಿಯಲ್ಲಿ ಒಮ್ಮೆ, ಮತ್ತು ಹಲ್ಲುಜ್ಜುವ ಮುಂಚೆ ಒಮ್ಮೆ ಅಳೆಯಬೇಕು. ಬಾಯಲ್ಲಿ ನೀರು ಇರುವಾಗ ಬಲೂನಿನ ಗಾಳಿ ತೆಗೆಯುವುದು ಯಾವ ಕಾರಣಕ್ಕೂ ಆಗಬಾರದು.

ಕೆಲವು ಟ್ಯೂಬುಗಳಲ್ಲಿ ಬಲೂನಿನ ಮೇಲೆ ನಿಂತ ಜೊಲ್ಲನ್ನು ಹೀರಲೆಂದೇ ಬೇರೆ ಸಣ್ಣ ನಳಿಕೆ ಇರುತ್ತದೆ. ಎರಡು ಮೂರು ದಿನಕ್ಕಿಂತ ಹೆಚ್ಚು ವೆಂಟಿಲೇಟರ್ ಬೇಕಾಗಬಹುದಾದವರಿಗೆ ಇಂತಹ ಟ್ಯೂಬ್ ಒಳ್ಳೆಯದು. ಅದು ಇದ್ದರೆ ಈ ಹಂತದಲ್ಲೇ ಒಮ್ಮೆ ಹೀರಬೇಕು. ಆ ನಳಿಕೆಯನ್ನು ಬಲೂನಿಗೆ ಗಾಳಿ ತುಂಬುವ ನಳಿಕೆ ಎಂದು ತಿಳಿದು ಗಾಳಿ ತುಂಬಿದ ಪ್ರಸಂಗಗಳಿವೆ, ಲೇಬಲ್ ಅಂಟಿಸಿಡಿ.

## ಹಂತ 4: ಟಾರ್ಚ್ ಹಿಡಿದು ಬಾಯೊಳಗೆ ನೋಡುವುದು

ಉಜ್ಜುವ ಮೊದಲು ನೋಡಬೇಕು. ಕಟ್ಟಿಸಿದ ಹಲ್ಲಿನ ಸೆಟ್ ಇನ್ನೂ ಬಾಯಲ್ಲೇ ಇದೆಯೇ, ಅಲುಗಾಡುವ ಹಲ್ಲು ಇದೆಯೇ, ಟ್ಯೂಬ್ ಒತ್ತಿದ ಕಡೆ ತುಟಿಯಲ್ಲಿ ಗಾಯವಾಗಿದೆಯೇ, ನಾಲಿಗೆ ಮತ್ತು ಕೆನ್ನೆಯ ಒಳಭಾಗದಲ್ಲಿ ಬಿಳಿ ಪದರವಿದೆಯೇ, ವಸಡಿನಿಂದ ರಕ್ತ ಜಿನುಗುತ್ತಿದೆಯೇ ಎಂದು ಕ್ರಮವಾಗಿ ಪರೀಕ್ಷಿಸಿ. ನಿನ್ನೆ ಅಲುಗಾಡುತ್ತಿದ್ದ ಹಲ್ಲು ಇಂದು ಕಾಣದಿದ್ದರೆ ಅದು ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಸಿಗುವವರೆಗೆ, ಅಗತ್ಯವಾದರೆ ಎದೆಯ ಎಕ್ಸ್‌ರೇ ತೆಗೆಸಿಯಾದರೂ, ಹುಡುಕಬೇಕು.

ಹಲ್ಲಿಲ್ಲದ ಅಜ್ಜ ಅಜ್ಜಿಯರ ಬಾಯಿಗೂ ಇದೇ ಕಾಳಜಿ ಸಲ್ಲಬೇಕು. ವಸಡು, ನಾಲಿಗೆ, ಅಂಗುಳದ ಮೇಲೂ ಪಾಚಿ ಕಟ್ಟುತ್ತದೆ.

## ಹಂತ 5: ಬ್ರಷ್‌ಗಿಂತ ಮೊದಲು ಸಕ್ಷನ್

ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. ಗಂಟಲ ಹಿಂಭಾಗದಲ್ಲಿ ನಿಂತಿರುವ ಜೊಲ್ಲನ್ನು ತೆಗೆಯದೆ ಬ್ರಷ್ ಆಡಿಸಿದರೆ, ರೋಗಿ ಕೆಮ್ಮಿದ ಕ್ಷಣದಲ್ಲಿ ಬಲೂನು ಅಲುಗಿ ಅದೆಲ್ಲ ಕೆಳಗೆ ಇಳಿಯುತ್ತದೆ. ಮೊದಲು ಕೆನ್ನೆಯ ಎರಡೂ ಬದಿ, ಆಮೇಲೆ ನಾಲಿಗೆಯ ಕೆಳಗೆ, ಕೊನೆಗೆ ಗಂಟಲ ಹಿಂಭಾಗ ಎಂಬ ಕ್ರಮದಲ್ಲಿ ಹೀರಿ.

ಬಾಯಿಗೆ ಹಾಕಿದ ಕ್ಯಾತೆಟರ್ ಶ್ವಾಸನಾಳದ ಟ್ಯೂಬಿಗೆ ಎಂದೂ ಹೋಗಬಾರದು. ಎರಡಕ್ಕೂ ಬೇರೆ ಬೇರೆ ಇರಬೇಕು. ಯಾಂಕಾವರ್ ತುದಿಯನ್ನು ದಿಂಬಿನ ಕೆಳಗೆ ಸಿಕ್ಕಿಸಿಡುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಬೆವರು, ಕೂದಲು, ಹಾಸಿಗೆಯ ಧೂಳು ಎಲ್ಲವೂ ಅಲ್ಲಿಂದ ನೇರ ಬಾಯಿಗೆ ಹೋಗುತ್ತದೆ. ಬಳಸಿದ ಮೇಲೆ ಸ್ಟೆರೈಲ್ ನೀರು ಹೀರಿಸಿ, ಅದರದೇ ಕವರಿನಲ್ಲಿ ತೂಗುಹಾಕಿ, ದಿನಕ್ಕೊಮ್ಮೆ ಬದಲಾಯಿಸಬೇಕು.

## ಹಂತ 6: ಹಲ್ಲುಜ್ಜುವುದು

ಪಾಚಿ ಎನ್ನುವುದು ಕೆರೆಯ ಮೆಟ್ಟಿಲಿಗೆ ಹಿಡಿದ ಲೋಳೆಯ ಹಾಗೆ, ಮೇಲೆ ಔಷಧ ಸುರಿದರೆ ಹೋಗುವಂಥದ್ದಲ್ಲ. ಉಜ್ಜಿದರೆ ಮಾತ್ರ ಬಿಡುತ್ತದೆ. ಗಾಜ್ ಮತ್ತು ಸ್ಪಂಜಿನ ಕಡ್ಡಿ ಬಾಯಿಯನ್ನು ತೇವ ಮಾಡಲು ಸಾಕು, ಹಲ್ಲಿನ ಸಂದಿಯ ಪಾಚಿಗೆ ಸಾಲದು. ಸ್ಪಂಜಿನ ತಲೆ ಕಡ್ಡಿಯಿಂದ ಕಳಚಿ ಗಂಟಲಿಗೆ ಇಳಿಯುವ ಅಪಾಯವೂ ಇದೆ. ಆಸ್ಪತ್ರೆಯಲ್ಲಿ ಬರುವ ನ್ಯುಮೋನಿಯಾ ಕುರಿತ 15 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, 2023ರ ಕೊನೆಯಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ದಿನವೂ ಹಲ್ಲುಜ್ಜಿದ ಗುಂಪಿನಲ್ಲಿ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಕಂಡಿತು, ಐಸಿಯು ಸಾವುಗಳೂ ಕಡಿಮೆ ಇದ್ದವು. ಈ ಲಾಭ ಮುಖ್ಯವಾಗಿ ಕಂಡದ್ದು ವೆಂಟಿಲೇಟರ್ ಮೇಲಿದ್ದವರಲ್ಲೇ. ಒಂದು ಸಾಧಾರಣ ಬ್ರಷ್‌ನಿಂದ ಇಷ್ಟು ಆಗುವುದಾದರೆ ಅದಕ್ಕೆ ಐದು ನಿಮಿಷ ಕೊಡದಿರಲು ಯಾವ ನೆಪವೂ ಉಳಿಯುವುದಿಲ್ಲ.

ಜೊತೆಗಾರರು ಒಂದು ಕೈಯ ಎರಡು ಬೆರಳಲ್ಲಿ ಟ್ಯೂಬನ್ನು ತುಟಿಯ ಹತ್ತಿರ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಸಕ್ಷನ್ ತುದಿಯನ್ನು ಕೆಳಗಿನ ಕೆನ್ನೆಯ ಗುಳಿಯಲ್ಲಿ ಇಡಬೇಕು. ರೋಗಿಯ ಮುಖವನ್ನು ಆ ಬದಿಗೆ ತುಸು ತಿರುಗಿಸಿ. ಬ್ರಷ್ಷನ್ನು ಸ್ಟೆರೈಲ್ ನೀರಿನಲ್ಲಿ ಅದ್ದಿ ಕೊಡವಿ, ಅದರ ಎಳೆಗಳು ಹಲ್ಲು ಮತ್ತು ವಸಡು ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿ ತಾಗುವಂತೆ ಹಿಡಿಯಿರಿ. ಟ್ಯೂಬ್ ಇಲ್ಲದ ಬದಿಯಿಂದ ಆರಂಭಿಸಿ: ಮೇಲಿನ ಹಲ್ಲುಗಳ ಹೊರಮೈ, ಒಳಮೈ, ಅಗಿಯುವ ಮೈ, ಆಮೇಲೆ ಕೆಳಗಿನವು. ಒತ್ತಿ ತಿಕ್ಕದೆ, ಸಣ್ಣ ಸಣ್ಣ ಸುತ್ತುಗಳಲ್ಲಿ ಉಜ್ಜಿ. ಟ್ಯೂಬ್ ಇರುವ ಬದಿಯ ಹಲ್ಲುಗಳೇ ಸಾಮಾನ್ಯವಾಗಿ ಉಳಿದುಬಿಡುತ್ತವೆ, ಏಕೆಂದರೆ ಅಲ್ಲಿ ಕೈ ಆಡುವುದಿಲ್ಲ. ಬ್ರಷ್ಷನ್ನು ಕೆನ್ನೆಯ ಒಳಗಿನಿಂದ ತೂರಿಸಿ ಅಲ್ಲಿಗೂ ತಲುಪಿಸಬೇಕು.

ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಹಗುರವಾಗಿ ಉಜ್ಜಿ, ಓಕರಿಕೆ ಬರುವಷ್ಟು ಹಿಂದೆ ಹೋಗಬೇಡಿ. ಅಂಗುಳ ಮತ್ತು ಬಾಯೊಳಗೆ ಕಾಣುವ ಟ್ಯೂಬಿನ ಹೊರಮೈಯನ್ನೂ ಒರೆಸಿ.

ಪೇಸ್ಟ್ ಬಳಸುವುದಾದರೆ ಅಕ್ಕಿ ಕಾಳಿನಷ್ಟು ಸಾಕು. ಹೆಚ್ಚು ಹಾಕಿದರೆ ನೊರೆ ತುಂಬಿ ಒಳಗೆ ಏನಿದೆಯೆಂದು ಕಾಣುವುದಿಲ್ಲ, ಉಳಿದ ನೊರೆ ಬಾಯಿಯನ್ನು ಒಣಗಿಸುತ್ತದೆ. ಪೇಸ್ಟ್ ಇಲ್ಲದೆ ಬರೀ ನೀರಿನಲ್ಲಿ ಉಜ್ಜಿದರೂ ಉದ್ದೇಶ ಈಡೇರುತ್ತದೆ.

ಕೆಲಸದ ನಡುವೆ ಕಣ್ಣು ಮಾನಿಟರ್ ಮೇಲೂ ಇರಲಿ. ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 90ಕ್ಕಿಂತ ಇಳಿದರೆ, ನಾಡಿ ಇದ್ದಕ್ಕಿದ್ದಂತೆ ನಿಧಾನವಾದರೆ, ಕೆಮ್ಮು ನಿಲ್ಲದಿದ್ದರೆ, ರೋಗಿ ಟ್ಯೂಬನ್ನು ಕಚ್ಚಿ ವೆಂಟಿಲೇಟರ್ ಅಲಾರಂ ಹೊಡೆದುಕೊಂಡರೆ ಅಲ್ಲಿಗೇ ನಿಲ್ಲಿಸಿ, ಬಾಯಿಯಲ್ಲಿರುವುದನ್ನು ಹೀರಿ, ಸುಧಾರಿಸಲು ಬಿಡಬೇಕು. ಕಚ್ಚಿದ ಹಲ್ಲುಗಳ ನಡುವೆ ಬೆರಳು ಹಾಕಬಾರದು, ಹಲ್ಲುಗಳ ನಡುವೆ ಇಡುವ ಬೈಟ್ ಬ್ಲಾಕ್ ಕೇಳಿ ತರಿಸಿಕೊಳ್ಳಬೇಕು.

## ಹಂತ 7: ತೊಳೆದು ಹೀರುವುದು, ತೇವ ಕೊಡುವುದು

ಸಿರಿಂಜ್‌ನಿಂದ ಒಂದು ಸಲಕ್ಕೆ ಎರಡು ಮೂರು ಎಂಎಲ್‌ನಷ್ಟೇ ಸ್ಟೆರೈಲ್ ನೀರನ್ನು ಕೆನ್ನೆಯ ಬದಿಗೆ ಬಿಟ್ಟು, ಆ ಕ್ಷಣವೇ ಹೀರಬೇಕು. ಗಂಟಲ ಕಡೆಗೆ ಚಿಮ್ಮಿಸಬಾರದು. ಹೀರಿದ ನೀರು ತಿಳಿಯಾಗುವವರೆಗೆ ಮಾಡಿ, ಕೊನೆಯಲ್ಲಿ ಗಂಟಲ ಹಿಂಭಾಗವನ್ನು ಇನ್ನೊಮ್ಮೆ ಹೀರಿ.

ತುಟಿಗೆ, ಬಾಯಿಯ ಒಳಗೆ ನೀರಿನಂಶದ ಜೆಲ್ ತೆಳುವಾಗಿ ಸವರಬೇಕು. ತುಪ್ಪ, ಕೊಬ್ಬರಿ ಎಣ್ಣೆ, ಜೇನು ಬಾಯೊಳಗೆ ಬೇಡ. ಎಣ್ಣೆಯ ಹನಿ ಶ್ವಾಸಕೋಶಕ್ಕೆ ಇಳಿದರೆ ಅದರದೇ ಬಗೆಯ ನ್ಯುಮೋನಿಯಾ ಬರುತ್ತದೆ. ನಿಂಬೆ ಮತ್ತು ಗ್ಲಿಸರಿನ್ ಹಾಕಿದ ಕಡ್ಡಿಗಳು ಬಾಯಿಯನ್ನು ಇನ್ನಷ್ಟು ಒಣಗಿಸಿ ಹಲ್ಲಿನ ಹೊರಪದರವನ್ನೂ ಸವೆಸುತ್ತವೆ.

## ಹಂತ 8: ಟ್ಯೂಬಿನ ಬದಿ ಬದಲಿಸಿ, ಬರೆದಿಡುವುದು

ದಿನಕ್ಕೊಮ್ಮೆ ಟ್ಯೂಬನ್ನು ಬಾಯಿಯ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಸಿ ಹೊಸ ಟೇಪು ಕಟ್ಟಬೇಕು. ಇದು ಇಬ್ಬರಿಲ್ಲದೆ ಆಗದ ಕೆಲಸ. ಸರಿಸಿದ ಮೇಲೆ ಸೆಂಟಿಮೀಟರ್ ಗುರುತು, ಎದೆಯ ಎರಡೂ ಬದಿಯ ಉಸಿರಿನ ಶಬ್ದ, ಬಲೂನಿನ ಒತ್ತಡ ಮೂರನ್ನೂ ಮತ್ತೆ ನೋಡಬೇಕು. ಚಾರ್ಟ್‌ನಲ್ಲಿ ‘ಬಾಯಿ ಶುಚಿ ಮಾಡಲಾಗಿದೆ’ ಎಂದಷ್ಟೇ ಬರೆದರೆ ಮುಂದಿನ ಪಾಳಿಯವರಿಗೆ ಏನೂ ತಿಳಿಯುವುದಿಲ್ಲ. ಉಜ್ಜಿದ್ದೋ ತೇವ ಮಾತ್ರ ಕೊಟ್ಟಿದ್ದೋ, ಒತ್ತಡ ಎಷ್ಟಿತ್ತು, ಬಾಯಲ್ಲಿ ಏನು ಕಂಡಿತು ಎಂದು ಬರೆಯಿರಿ.

ಬ್ರಷ್ಷನ್ನು ಸ್ಟೆರೈಲ್ ನೀರಿನಲ್ಲಿ ತೊಳೆದು, ರೋಗಿಯ ಹೆಸರು ಬರೆದು, ನೆಟ್ಟಗೆ ನಿಲ್ಲಿಸಿ ಒಣಗಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಹವೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮುಚ್ಚಳ ಹಾಕಿದ ಬ್ರಷ್ ಒಣಗುವುದು ದೂರದ ಮಾತು. ಮಳೆಗಾಲದಲ್ಲಿ ಒಂದು ಸಲ ಬಳಸಿ ಎಸೆಯುವ ಬ್ರಷ್ ಸಾಧ್ಯವಾದರೆ ಅದೇ ಮೇಲು. ಇಲ್ಲವಾದರೆ ಬೇಗ ಬೇಗ ಬದಲಿಸಿ. ಸಿಂಕ್‌ನ ಅಂಚಿನಲ್ಲಂತೂ ಇಡಬೇಡಿ.

## ಕ್ಲೋರ್‌ಹೆಕ್ಸಿಡಿನ್ ಬೇಕೇ?

ಕ್ಲೋರ್‌ಹೆಕ್ಸಿಡಿನ್ ಎಂದರೆ ರೋಗಾಣು ಕೊಲ್ಲುವ ಔಷಧ, ಬಹಳ ವರ್ಷ ಇದನ್ನು ಎಲ್ಲರ ಬಾಯಿಗೂ ಹಚ್ಚಲಾಗುತ್ತಿತ್ತು. ಅಮೆರಿಕದ ಸೋಂಕು ತಡೆ ತಜ್ಞರ ಸಂಘಗಳು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ದಿನವೂ ಹಲ್ಲುಜ್ಜುವುದನ್ನು ಅಗತ್ಯ ಕ್ರಮಗಳ ಸಾಲಿಗೆ ಸೇರಿಸಿ, ಬಾಯಿಗೆ ಕ್ಲೋರ್‌ಹೆಕ್ಸಿಡಿನ್ ಬಳಸುವುದನ್ನು ಸಾಮಾನ್ಯವಾಗಿ ಬೇಡವೆಂಬ ಸಾಲಿಗೆ ಹಾಕಿದವು. ನ್ಯುಮೋನಿಯಾ ತಡೆಯುವ ಲಾಭ ಖಚಿತವಾಗದೆ, ಸಾವಿನ ಪ್ರಮಾಣ ಹೆಚ್ಚಬಹುದೆಂಬ ಸಂಶಯ ಮೂಡಿದ್ದೇ ಇದಕ್ಕೆ ಕಾರಣ. ನನ್ನ ಅಭಿಪ್ರಾಯವೂ ಇದೇ: ಔಷಧದ ಬಾಟಲಿ ಕೈಯಲ್ಲಿದ್ದರೆ ಬ್ರಷ್ ಮರೆತುಹೋಗುತ್ತದೆ. ಆದರೂ ನಿಮ್ಮ ಆಸ್ಪತ್ರೆಯ ಪದ್ಧತಿಯಲ್ಲಿ ಅದು ಇದ್ದರೆ ನೀವೇ ನಿಲ್ಲಿಸದೆ ವೈದ್ಯರನ್ನು ಕೇಳಿ. ಹಚ್ಚುವುದಾದರೆ ಪೇಸ್ಟ್ ಬಳಸಿ ಕನಿಷ್ಠ ಅರ್ಧ ಗಂಟೆಯಾದ ಮೇಲೆ ಹಚ್ಚಿ, ಏಕೆಂದರೆ ಪೇಸ್ಟಿನಲ್ಲಿರುವ ನೊರೆಯ ರಾಸಾಯನಿಕ ಅದರ ಶಕ್ತಿಯನ್ನು ಕುಂದಿಸುತ್ತದೆ.

## ನಮ್ಮ ಕಡೆಯ ರೋಗಿಗಳಲ್ಲಿ ಎದುರಾಗುವ ತೊಡಕುಗಳು

ಎಲೆ ಅಡಿಕೆ, ಗುಟ್ಕಾ ಹಾಕುವ ಅಭ್ಯಾಸ ಬಹುಕಾಲ ಇದ್ದವರಲ್ಲಿ ಕೆನ್ನೆಯ ಒಳಪದರ ಬಿಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದಿರಬಹುದು. ಬಲವಂತವಾಗಿ ಅಗಲಿಸಿದರೆ ಒಳಪದರ ಹರಿದು ರಕ್ತ ಬರುತ್ತದೆ. ಇಂಥವರಿಗೆ ಅತಿ ಚಿಕ್ಕ ಬ್ರಷ್ಷನ್ನು ಕೆನ್ನೆ ಮತ್ತು ಹಲ್ಲಿನ ನಡುವೆ ತೂರಿಸಿ ಹೊರಮೈಯನ್ನು ಉಜ್ಜಿ, ಕೊನೆಯ ದವಡೆ ಹಲ್ಲಿನ ಹಿಂದಿರುವ ಸಂದಿಯಿಂದ ತೆಳು ಕ್ಯಾತೆಟರ್ ಇಳಿಸಿ ಹೀರಬೇಕು. ಹಲ್ಲಿನ ಕೆಂಪು ಕಪ್ಪು ಕಲೆಗಳು ಉಜ್ಜಿದರೆ ಹೋಗುವುದಿಲ್ಲ, ಅದಕ್ಕಾಗಿ ಜೋರಾಗಿ ತಿಕ್ಕುವುದು ಬೇಡ. ಬಾಯಲ್ಲಿ ವಾಸಿಯಾಗದ ಹುಣ್ಣು, ಗಟ್ಟಿ ಬಿಳಿ ಮಚ್ಚೆ ಕಂಡರೆ ಬರೆದಿಟ್ಟು ದಂತ ವೈದ್ಯರಿಗೆ ತಿಳಿಸಿ.

ಮಂಗನ ಕಾಯಿಲೆ, ಡೆಂಗಿ, ಇಲಿಜ್ವರ ಬಂದವರಲ್ಲಿ ಮತ್ತು ಕೊಳಕುಮಂಡಲ ಕಚ್ಚಿದವರಲ್ಲಿ ಪ್ಲೇಟ್‌ಲೆಟ್ ಕುಸಿದೋ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿಯೋ ವಸಡಿನಿಂದ ರಕ್ತ ಬರುತ್ತಿರಬಹುದು. ಆ ದಿನದ ಪ್ಲೇಟ್‌ಲೆಟ್ ಲೆಕ್ಕ ಮತ್ತು ಹೆಪ್ಪುಗಟ್ಟುವ ಪರೀಕ್ಷೆಯನ್ನು ನೋಡದೆ ಬ್ರಷ್ ಹಿಡಿಯಬಾರದು. ರಕ್ತ ತಾನಾಗಿ ಜಿನುಗುತ್ತಿದ್ದರೆ ವೈದ್ಯರು ಹೇಳುವವರೆಗೆ ಉಜ್ಜುವುದನ್ನು ನಿಲ್ಲಿಸಿ, ತಣ್ಣನೆಯ ಸ್ಟೆರೈಲ್ ನೀರಿನಲ್ಲಿ ಅದ್ದಿದ ಗಾಜ್‌ನಿಂದ ಹಗುರವಾಗಿ ಒರೆಸಿ. ಹೆಪ್ಪುಗಟ್ಟಿದ ರಕ್ತವನ್ನು ಕಿತ್ತು ತೆಗೆಯಬೇಡಿ.

ತೋಟಕ್ಕೆ ಹೊಡೆಯುವ ಆರ್ಗ್ಯಾನೋಫಾಸ್ಫೇಟ್ ಕೀಟನಾಶಕ ದೇಹ ಸೇರಿದವರಲ್ಲಿ ಮೊದಲ ದಿನಗಳಲ್ಲಿ ಬಾಯಿ ತುಂಬಿ ಹರಿಯುವಷ್ಟು ಜೊಲ್ಲು ಬರುತ್ತದೆ. ಅರ್ಧ ಗಂಟೆಗೊಮ್ಮೆ ಹೀರಬೇಕಾಗಬಹುದು. ಆ ವಿಷಕ್ಕೆ ಕೊಡುವ ಅಟ್ರೊಪಿನ್ ಔಷಧ ಏರಿದ ಮೇಲೆ ಅದೇ ಬಾಯಿ ಕಾಗದದಂತೆ ಒಣಗುತ್ತದೆ, ಆಗ ತೇವ ಕೊಡುವುದೇ ಮುಖ್ಯ ಕೆಲಸವಾಗುತ್ತದೆ. ಜೊಲ್ಲು ಮತ್ತೆ ಹೆಚ್ಚಾದದ್ದನ್ನು ಮೊದಲು ಕಾಣುವವರು ಬಾಯಿ ನೋಡಿಕೊಳ್ಳುವವರೇ ಆದ್ದರಿಂದ ಅದನ್ನು ತಕ್ಷಣ ವೈದ್ಯರಿಗೆ ಹೇಳಬೇಕು.

ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ತಾಲ್ಲೂಕಿನಿಂದ ಶಿವಮೊಗ್ಗಕ್ಕೋ ರೋಗಿಯನ್ನು ಸಾಗಿಸುವಾಗ ತಿರುವುಗಳಲ್ಲಿ ಟ್ಯೂಬ್ ಅಲುಗುತ್ತದೆ, ವಾಂತಿಯೂ ಆಗಬಹುದು. ಹೊರಡುವ ಮೊದಲು ಬಾಯಿ, ಗಂಟಲು ಹೀರಿ, ಬಲೂನಿನ ಒತ್ತಡ ನೋಡಿ, ರೈಲ್ಸ್ ಟ್ಯೂಬ್ ಆಹಾರ ನಿಲ್ಲಿಸಿರಬೇಕು. ತಲುಪಿದ ಕೂಡಲೇ ಗುರುತು ಮತ್ತು ಒತ್ತಡವನ್ನು ಮತ್ತೆ ನೋಡಬೇಕು.

## ಬಾಯಿ ಬಿಟ್ಟು ಉಳಿದ ಕಾಳಜಿ

ವೆಂಟಿಲೇಟರ್ ಕೊಳವೆಗಳಲ್ಲಿ, ಅದರಲ್ಲೂ ಡಿಸೆಂಬರ್ ಜನವರಿಯ ಚಳಿಯ ರಾತ್ರಿಗಳಲ್ಲಿ, ನೀರು ಕಟ್ಟುತ್ತದೆ. ಆ ನೀರಿನಲ್ಲಿ ರೋಗಾಣು ತುಂಬಿರುತ್ತದೆ. ಕೊಳವೆಯನ್ನು ಎತ್ತಿ ರೋಗಿಯ ಕಡೆಗೆ ಹರಿಸದೆ, ನೀರು ಸೇರುವ ಡಬ್ಬಿಯ ಕಡೆಗೆ ಹರಿಸಿ ಚೆಲ್ಲಬೇಕು. ಕೊಳವೆಗಳನ್ನು ದಿನ ಎಣಿಸಿ ಬದಲಿಸುವ ಅಗತ್ಯವಿಲ್ಲ. ಕೊಳೆಯಾದರೆ, ಕೆಟ್ಟರೆ ಬದಲಿಸಿದರೆ ಸಾಕು.

ಶ್ವಾಸನಾಳದ ಸಕ್ಷನ್ ಗಡಿಯಾರ ನೋಡಿ ಅಲ್ಲ, ಕಫದ ಶಬ್ದ ಅಥವಾ ಲಕ್ಷಣ ಕಂಡಾಗ ಮಾಡಬೇಕು. ಪ್ರತಿ ಸಲ 15 ಸೆಕೆಂಡ್ ಮೀರಬಾರದು, ಒತ್ತಡ 150 ಮಿ.ಮೀ. ಪಾದರಸ ಮೀರಬಾರದು, ಕ್ಯಾತೆಟರಿನ ದಪ್ಪ ಟ್ಯೂಬಿನ ಒಳವ್ಯಾಸದ ಅರ್ಧಕ್ಕಿಂತ ಹೆಚ್ಚಿರಬಾರದು: 8 ಮಿ.ಮೀ. ಟ್ಯೂಬಿಗೆ 12 ನಂಬರಿನ (4 ಮಿ.ಮೀ. ದಪ್ಪದ) ಕ್ಯಾತೆಟರ್. ಪ್ರತಿ ಸಲವೂ ಸಲೈನ್ ಬಿಟ್ಟು ಹೀರುವ ರೂಢಿ ಬೇಡ.

ಇದೆಲ್ಲಕ್ಕಿಂತ ದೊಡ್ಡ ರಕ್ಷಣೆ ಟ್ಯೂಬ್ ಬೇಗ ಹೊರಬರುವುದು. ನಿದ್ರಾಜನಕವನ್ನು ದಿನಕ್ಕೊಮ್ಮೆ ತಗ್ಗಿಸಿ, ರೋಗಿ ತಾನೇ ಉಸಿರಾಡಬಲ್ಲನೇ ಎಂದು ಪರೀಕ್ಷಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಬೆಳಗಿನ ರೌಂಡ್ಸ್‌ನಲ್ಲಿ ಸಿಸ್ಟರ್‌ಗಳು ಸಂಕೋಚವಿಲ್ಲದೆ ಕೇಳಬೇಕು.

## ತಡಮಾಡದೆ ವೈದ್ಯರಿಗೆ ಹೇಳಬೇಕಾದ ಲಕ್ಷಣಗಳು

ಕಫ ಹೆಚ್ಚಾಗಿ, ದಪ್ಪವಾಗಿ, ಹಳದಿ ಅಥವಾ ಹಸಿರಿಗೆ ತಿರುಗುವುದು; ಜ್ವರ 38 ಡಿಗ್ರಿ ಸೆಲ್ಸಿಯಸ್ ಮೀರುವುದು ಅಥವಾ ಮೈ 36ಕ್ಕಿಂತ ತಣ್ಣಗಾಗುವುದು; ಬಿಳಿ ರಕ್ತಕಣ 12,000 ಮುಟ್ಟುವುದು ಅಥವಾ 4,000ಕ್ಕೆ ಇಳಿಯುವುದು; ಎಕ್ಸ್‌ರೇಯಲ್ಲಿ ಹೊಸ ಮಬ್ಬು. ಇವುಗಳಿಗಿಂತ ಬೇಗ ಕಣ್ಣಿಗೆ ಬೀಳುವ ಸುಳಿವು ವೆಂಟಿಲೇಟರ್ ಚಾರ್ಟ್‌ನಲ್ಲೇ ಇರುತ್ತದೆ. ಎರಡು ದಿನ 40 ಶೇಕಡಾ ಆಕ್ಸಿಜನ್‌ನಲ್ಲಿ ನೆಮ್ಮದಿಯಾಗಿದ್ದ ರೋಗಿಗೆ ಇದ್ದಕ್ಕಿದ್ದಂತೆ 60 ಬೇಕಾಗಿ, ಅದು ಮರುದಿನವೂ ಇಳಿಯದಿದ್ದರೆ, ಅಥವಾ ಪೀಪ್ (ಉಸಿರು ಬಿಟ್ಟ ಕೊನೆಯಲ್ಲೂ ಶ್ವಾಸಕೋಶದಲ್ಲಿ ಯಂತ್ರ ಉಳಿಸುವ ಒತ್ತಡ) 3 ಸೆಂ.ಮೀ. ನೀರಿನಷ್ಟು ಹೆಚ್ಚಿಸಬೇಕಾಗಿ ಬಂದರೆ, ಒಳಗೆ ಏನೋ ಕೆಡುತ್ತಿದೆ ಎಂದೇ ತಿಳಿಯಬೇಕು. ವಯಸ್ಸಾದವರಲ್ಲಿ ಜ್ವರವೇ ಬಾರದಿರಬಹುದು.

## ರೋಗಿಯ ಕಡೆಯವರಿಗೆ

ದೇವಸ್ಥಾನದಿಂದ ತಂದ ತೀರ್ಥವನ್ನೋ ಗಂಗಾಜಲವನ್ನೋ ಬಾಯಿಗೆ ಬಿಡಬೇಕೆಂಬ ಆಸೆ ಮನೆಯವರಿಗೆ ಸಹಜ. ಅದನ್ನು ಸಿಸ್ಟರ್‌ಗಳು ಗದರಿಸಿ ತಡೆಯುವುದೂ ಸರಿಯಲ್ಲ, ಮನೆಯವರು ಕದ್ದು ಬಿಡುವುದೂ ಸರಿಯಲ್ಲ. ಒಂದು ಚಮಚ ನೀರೂ ಬಲೂನಿನ ಮೇಲೆ ನಿಂತು ಶ್ವಾಸಕೋಶಕ್ಕೆ ಇಳಿಯುತ್ತದೆ. ತೀರ್ಥವನ್ನು ಹಣೆಗೆ, ಕೈಗೆ ಪ್ರೋಕ್ಷಿಸಬಹುದು.

ಕುತ್ತಿಗೆಯಲ್ಲಿ ಟ್ಯೂಬ್ ಇಟ್ಟು ಮನೆಗೆ ಕಳಿಸಿದವರಿಗೂ ಹಲ್ಲುಜ್ಜುವುದು ಬೆಳಗ್ಗೆ, ಸಂಜೆ ತಪ್ಪಬಾರದು. ಬಾಯಲ್ಲಿ ಟ್ಯೂಬ್ ಇಲ್ಲದಿರುವುದರಿಂದ ಕೆಲಸ ಸುಲಭವೇ ಆಗುತ್ತದೆ. ಆಸ್ಪತ್ರೆ ಬಿಡುವ ಮೊದಲು ಸಿಸ್ಟರ್ ಎದುರಿಗೇ ಮನೆಯ ಇಬ್ಬರಾದರೂ ನಿಮ್ಮ ಕೈಯಿಂದ ಮಾಡಿ ತೋರಿಸಿ. ಮನೆಯಲ್ಲಿ 20 ನಿಮಿಷ ಕುದಿಸಿ, ಮುಚ್ಚಿ ಆರಿಸಿದ ನೀರನ್ನು ಅದೇ ದಿನ ಬಳಸಿ. ಕಫದ ಬಣ್ಣ ಬದಲಾಗಿ ಉಸಿರಿನ ವೇಗ ಹೆಚ್ಚಿದರೆ ಬೆಳಗಾಗಲಿ ಎಂದು ಕಾಯಬೇಡಿ. ಬಾಯಿ, ಗಂಟಲು ಹೀರಿ, ತಲೆಯ ಭಾಗ ಎತ್ತರಿಸಿಕೊಂಡೇ ಆಂಬ್ಯುಲೆನ್ಸ್‌ನಲ್ಲಿ ಮಲಗಿಸಿ, ಸಕ್ಷನ್ ಯಂತ್ರ ಮತ್ತು ಅಂಬು ಬ್ಯಾಗನ್ನು ಜೊತೆಗೇ ಇಟ್ಟುಕೊಂಡು ಹೊರಡಿ.